ಶುಗರ್ ಇದ್ದವರು ವಸಡು ಕಾಪಾಡಿಕೊಳ್ಳುವುದು ಹೇಗೆ?

ಹಲ್ಲುಜ್ಜುವಾಗ ರಕ್ತ ಕಂಡರೆ ಹೆಚ್ಚಿನವರು ಆ ಜಾಗವನ್ನು ಮುಟ್ಟುವುದನ್ನೇ ಬಿಡುತ್ತಾರೆ. ಶುಗರ್ ಇರುವವರಿಗೆ ಇದು ದುಬಾರಿ. ರಕ್ತ ಬರುವುದು ಸಾಮಾನ್ಯವಾಗಿ ವಸಡಿನಂಚಿನಲ್ಲಿ ಕೊಳೆ ಕೂತಿರುವುದರಿಂದ. ಬಿಟ್ಟಷ್ಟೂ ಅದು ಗಟ್ಟಿಯಾಗುತ್ತದೆ. ಸಕ್ಕರೆ ಏರಿದ್ದಾಗ ಬಿಳಿ ರಕ್ತಕಣಗಳು ಮಂಕಾಗಿ ಸೋಂಕು ಬೇಗ ಆಳಕ್ಕಿಳಿಯುತ್ತದೆ. ಆ ಸೋಂಕಿನ ಉರಿಯೂತ ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗಿ, ಸಕ್ಕರೆಯನ್ನು ಮತ್ತೆ ಏರಿಸುತ್ತದೆ. ಹೆಚ್ಚಾಗಿ ನೋವೇ ಇರುವುದಿಲ್ಲ. ಹಲ್ಲು ಅಲ್ಲಾಡುವ ಹೊತ್ತಿಗೆ ಬುಡದ ಮೂಳೆ ಸವೆದಿರುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಂತೂ ರಕ್ತವೂ ಕಾಣದೆ ರೋಗ ಬೆಳೆಯಬಹುದು.

ಉಜ್ಜುವ ಕ್ರಮ

ಮೆದು ಎಳೆಯ ಬ್ರಷ್, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಎಳೆಗಳು ಅರ್ಧ ಹಲ್ಲಿಗೆ, ಅರ್ಧ ವಸಡಿಗೆ ತಾಗುವಂತೆ 45 ಡಿಗ್ರಿ ಓರೆಯಾಗಿ ಹಿಡಿದು, ಒತ್ತದೆ, ನಿಂತಲ್ಲೇ ಸಣ್ಣಗೆ ಅಲುಗಿಸಿ ಮುಂದಿನ ಹಲ್ಲಿಗೆ ಸರಿಯಿರಿ. ದಿನಕ್ಕೆರಡು ಸಲ, ಎರಡೆರಡು ನಿಮಿಷ. ಕೆಳಹಲ್ಲಿನ ಒಳಬದಿಯೇ ಹೆಚ್ಚಾಗಿ ತಪ್ಪಿಹೋಗುವ ಜಾಗ. ನೊರೆ ಉಗಿದು ಬಿಡಿ, ನೀರು ಮುಕ್ಕಳಿಸಬೇಡಿ. ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಲಿ. ರಾತ್ರಿ ಉಜ್ಜುವ ಮುನ್ನ ಹಲ್ಲುಗಳ ನಡುವೆ ಫ್ಲಾಸ್ ದಾರ, ಸಂದಿ ಅಗಲವಾಗಿದ್ದರೆ ಸಂದಿ ಬ್ರಷ್ ಬೇಕೇ ಬೇಕು. ಕಡ್ಡಿ, ಗುಂಡುಸೂಜಿ ಬೇಡ. ಶುರುವಿಗೆ ರಕ್ತ ಬರಬಹುದು. ಎರಡು ವಾರ ಸರಿಯಾಗಿ ಉಜ್ಜಿದರೂ ನಿಲ್ಲದಿದ್ದರೆ ಒಳಗೆ ಕಿಟ್ಟ, ಅಂದರೆ ಗಟ್ಟಿಯಾದ ಕೊಳೆ, ಕಟ್ಟಿದೆ ಎಂದುಕೊಳ್ಳಿ. ಅದು ಬ್ರಷ್‌ಗೆ ಬಗ್ಗದು.

ದಂತವೈದ್ಯರು ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಮೌತ್‌ವಾಶ್ ಬರೆದುಕೊಟ್ಟಿದ್ದರೆ ಹೇಳಿದಷ್ಟು ದಿನ ಮಾತ್ರ, ಪೇಸ್ಟ್ ಬಳಸಿದ ಅರ್ಧ ಗಂಟೆಯ ನಂತರ ಮುಕ್ಕಳಿಸಿ. ಕಾಫಿ ಕುಡಿಯುವವರ ಹಲ್ಲಿಗೆ ಇದರಿಂದ ಕಂದು ಕಲೆ ಬೇಗ ಹಿಡಿಯುತ್ತದೆ.

ಬೆಲ್ಲದ ಕಾಫಿ

ಕೊಡಗಿನ ಮಳೆ, ಚಳಿಯಲ್ಲಿ ಬೆಲ್ಲದ ಕಾಫಿ ಬಿಡುವುದು ಕಷ್ಟವೇ. ಆದರೆ ಬೆಲ್ಲವೂ ಸಕ್ಕರೆಯೇ, ಹಲ್ಲಿಗೂ ರಕ್ತಕ್ಕೂ. ಫ್ಲಾಸ್ಕ್‌ನಿಂದ ಗುಟುಕು ಗುಟುಕಾಗಿ ಇಡೀ ಬೆಳಿಗ್ಗೆ ಕುಡಿಯುವುದು ಇನ್ನೂ ಕೆಟ್ಟದ್ದು, ಹಲ್ಲಿಗೆ ಬಿಡುವೇ ಸಿಗದು. ಸಿಹಿಯಿಲ್ಲದ ಕಾಫಿ ರೂಢಿಸಿಕೊಳ್ಳಿ. ಬಾಯಿ ಒಣಗುತ್ತಿದ್ದರೆ ನೀರು ಕುಡಿಯಿರಿ, ಪೆಪ್ಪರ್‌ಮಿಂಟ್ ಚೀಪಬೇಡಿ. ಕಿತ್ತಳೆ ತಿಂದ ಕೂಡಲೇ ಬ್ರಷ್ ಹಿಡಿಯಬೇಡಿ. ಹುಳಿಗೆ ಮೆದುವಾದ ಹಲ್ಲಿನ ಮೇಲ್ಪದರ ಸವೆಯುತ್ತದೆ, ಅರ್ಧ ಗಂಟೆ ಕಾಯಿರಿ. ಕಟ್ಟಿಸಿದ ಹಲ್ಲುಸೆಟ್ಟನ್ನು ರಾತ್ರಿ ತೆಗೆದು, ತೊಳೆದು ನೀರಿನಲ್ಲಿಡಿ. ಇಲ್ಲವಾದರೆ ಅದರಡಿ ಶಿಲೀಂಧ್ರ ಬೆಳೆದು ಅಂಗುಳು ಕೆಂಪಾಗಿ ಉರಿಯುತ್ತದೆ.

ದಂತವೈದ್ಯರ ಬಳಿಗೆ

ಆರು ತಿಂಗಳಿಗೊಮ್ಮೆ, ವಸಡು ರೋಗ ಇದ್ದರೆ ಮೂರು ತಿಂಗಳಿಗೊಮ್ಮೆ ತೋರಿಸಿ. ಕಾಫಿ ಕೊಯ್ಲಿನಲ್ಲಿ ಬಿಡುವಾಗದವರು ಮಳೆ ಹಿಡಿಯುವ ಮುನ್ನ ಕ್ಲೀನಿಂಗ್ ಮುಗಿಸಿಕೊಳ್ಳುವುದು ಜಾಣತನ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. ಇತ್ತೀಚಿನ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ವರದಿ, ಮಾತ್ರೆಗಳ ಚೀಟಿ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ. ಬೆಳಗಿನ ಹೊತ್ತಿಗೆ ಸಮಯ ಕೇಳಿ, ಎಂದಿನಂತೆ ತಿಂಡಿ ತಿಂದು ಔಷಧ ತೆಗೆದುಕೊಂಡೇ ಹೋಗಿ. ಇನ್ಸುಲಿನ್ ಹಾಕಿ ತಿಂಡಿ ಬಿಟ್ಟರೆ ಕುರ್ಚಿಯಲ್ಲೇ ಸಕ್ಕರೆ ಕುಸಿದು ಬೆವರು, ನಡುಕ ಬರಬಹುದು. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಹಲ್ಲು ಕೀಳಿಸಿದ ದಿನ ಊಟ ಸೇರದಿದ್ದರೆ ಡೋಸ್ ಎಷ್ಟು ಎಂಬುದನ್ನು ಶುಗರ್ ನೋಡುವ ವೈದ್ಯರಲ್ಲಿ ಮುಂಚಿತವಾಗಿ ಕೇಳಿಟ್ಟುಕೊಳ್ಳಿ.

ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಸಮಯ ಕೇಳುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ.