ರೋಟರಿನ ಸುತ್ತಲಿನ ಗಾಳಿಯ ಸಿಮ್ಯುಲೇಶನ್: ಎರಡು ಬ್ಲೇಡುಗಳಿಂದ ಆರಂಭಿಸುವ ಬಗೆ

ಹೆಲಿಕಾಪ್ಟರ್ ರೋಟರಿನ (ಮೇಲೆ ತಿರುಗುವ ಬ್ಲೇಡುಗಳ) ಕಂಪ್ಯೂಟರ್ ಸಿಮ್ಯುಲೇಶನ್‌ಗೆ ಹೊಸದಾಗಿ ಕೈಹಾಕುವವರು ಇಡೀ ಹೆಲಿಕಾಪ್ಟರನ್ನು ಮೊದಲಿಗೇ ಎತ್ತಿಕೊಳ್ಳಬಾರದು. ಉತ್ತರವೇನೋ ಸಿಗುತ್ತದೆ, ಅದನ್ನು ಒರೆಗೆ ಹಚ್ಚಲು ಏನೂ ಇರುವುದಿಲ್ಲ. ಸಂಶೋಧಕರಾದ ಕ್ಯಾರಡೋನಾ ಮತ್ತು ಟಂಗ್ 1981ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಆರಂಭಿಸುವುದು ಲೇಸು. ತಿರುಚಿಲ್ಲದ ಎರಡು ಬ್ಲೇಡುಗಳು, ನಾಕಾ 0012 ಎಂಬ ಪ್ರಮಾಣಿತ ರೆಕ್ಕೆಯಾಕಾರದ ಅಡ್ಡಕೊಯ್ತ, 1.143 ಮೀಟರ್ ತ್ರಿಜ್ಯ, 0.1905 ಮೀಟರ್ ಅಗಲ. ಬ್ಲೇಡಿನ ಕೋನ 8 ಡಿಗ್ರಿ, ವೇಗ ನಿಮಿಷಕ್ಕೆ 1250 ಸುತ್ತು ಇರುವ ಸ್ಥಿತಿಯನ್ನು ಆರಿಸಿಕೊಳ್ಳಿ.

ಒಂದೆಡೆ ನಿಂತು ಹಾರುವ ಸ್ಥಿತಿಯಲ್ಲಿ ಬ್ಲೇಡಿನೊಂದಿಗೇ ತಿರುಗುವ ಚೌಕಟ್ಟಿನಲ್ಲಿ ಲೆಕ್ಕ ಹಾಕಿದರೆ ಹರಿವನ್ನು ಸ್ಥಿರವೆಂದು ಪರಿಗಣಿಸಬಹುದು. ಆವರ್ತಕ ಗಡಿಗಳನ್ನು (ಒಂದು ಬದಿಯಲ್ಲಿ ಹೊರಹೋದ ಹರಿವು ಇನ್ನೊಂದು ಬದಿಯಿಂದ ಒಳಬರುವಂಥವು) ಕೊಟ್ಟು, ರೋಟರಿನ ಸುತ್ತಲಿನ ಗಾಳಿಯ ಸಿಲಿಂಡರಿನಲ್ಲಿ ಒಂದು ಬ್ಲೇಡಿರುವ ಅರ್ಧಕ್ಕಷ್ಟೇ ಲೆಕ್ಕ ಹಾಕಿದರೂ ಸಾಕು. ಹೊರಗಡಿಯನ್ನು ಮಾತ್ರ, ವಿಶೇಷವಾಗಿ ಕೆಳಗಡೆ, ಹಲವು ತ್ರಿಜ್ಯಗಳಷ್ಟು ದೂರವಿಡಬೇಕು.

ಮೆಶ್ ರಚನೆಯಲ್ಲೇ, ಅಂದರೆ ಗಾಳಿಯ ಜಾಗವನ್ನು ಲೆಕ್ಕಕ್ಕಾಗಿ ಸಣ್ಣ ಕೋಶಗಳಾಗಿ ವಿಭಜಿಸುವುದರಲ್ಲೇ, ನಿಜವಾದ ಕೆಲಸವಿದೆ. ತುದಿಯ ವೇಗ ಸೆಕೆಂಡಿಗೆ ಸುಮಾರು 150 ಮೀಟರ್ ಇರುವುದರಿಂದ, ಬ್ಲೇಡಿನ ಮೇಲ್ಮೈಯವರೆಗೂ ಹರಿವಿನ ಲೆಕ್ಕ ಹಾಕುವುದಾದರೆ ಬ್ಲೇಡಿಗೆ ಅಂಟಿದ ಮೊದಲ ಪದರದ ದಪ್ಪ 2ರಿಂದ 3 ಮೈಕ್ರೋಮೀಟರ್‌ನಷ್ಟಿರಬೇಕು. ಇಷ್ಟನ್ನು ಹೆಚ್ಚಿನವರು ಮಾಡುತ್ತಾರೆ. ಎಡವುವುದು ಬ್ಲೇಡಿನಿಂದ ದೂರದಲ್ಲಿ. ಒಂದು ಬ್ಲೇಡಿನ ತುದಿಯಿಂದ ಹೊರಟ ಸುಳಿ ಒಳಕ್ಕೆ ಸರಿಯುತ್ತ, ಕೆಳಗಿಳಿಯುತ್ತ, ಅರ್ಧ ಸುತ್ತಿನ ಬಳಿಕ ಮತ್ತೊಂದು ಬ್ಲೇಡಿನ ಸ್ವಲ್ಪವೇ ಕೆಳಗೆ ಹಾದು ಅದರ ಮೇಲಿನ ಒತ್ತಡವನ್ನು ಬದಲಿಸುತ್ತದೆ. ಅಲ್ಲಿ ಮೆಶ್ ಒರಟಾಗಿದ್ದರೆ ಸುಳಿ ಅಷ್ಟು ದೂರ ಬರುವ ಮೊದಲೇ ಕರಗಿಹೋಗುತ್ತದೆ, ಅದೂ ಯಾವ ಎಚ್ಚರಿಕೆಯ ಸಂದೇಶವೂ ಇಲ್ಲದೆ. ಆದ್ದರಿಂದ ಸುಳಿ ಸಾಗುವ ಹಾದಿಯುದ್ದಕ್ಕೂ ಅದರ ತಿರುಳಿನ ಅಡ್ಡಳತೆಗೆ ಸುಮಾರು ಹತ್ತು ಕೋಶಗಳನ್ನು ಇಡಿ. ಗಾಳಿಯ ಪ್ರಕ್ಷುಬ್ಧತೆಯನ್ನು ಲೆಕ್ಕಹಾಕುವ ಸ್ಪಾಲಾರ್ಟ್-ಆಲ್ಮರಾಸ್ ಮಾದರಿಯನ್ನು ಬಳಸುವವರು ಅದರ ಪರಿಭ್ರಮಣ (ರೊಟೇಶನ್) ತಿದ್ದುಪಡಿಯನ್ನೂ ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ತಿರುಳಿನಲ್ಲಿ ಸ್ನಿಗ್ಧತೆ ವಿಪರೀತವಾಗುತ್ತದೆ.

ರೆಸಿಡ್ಯುಯಲ್ (ಸಮೀಕರಣಗಳಲ್ಲಿ ಉಳಿದ ದೋಷ) ಇಳಿದ ಮಾತ್ರಕ್ಕೆ ಲೆಕ್ಕ ಮುಗಿಯಿತೆಂದು ತಿಳಿಯಬೇಡಿ. ಥ್ರಸ್ಟ್ (ರೋಟರಿನ ಎತ್ತುವ ಬಲ) ಒಂದೇ ಮಟ್ಟಕ್ಕೆ ಬಂದು ನಿಲ್ಲಬೇಕು. ಅಳೆದ ಥ್ರಸ್ಟ್ ಗುಣಾಂಕ 0.00459, ಅಂದರೆ ಸಮುದ್ರಮಟ್ಟದ ಗಾಳಿಯಲ್ಲಿ ಸರಿಸುಮಾರು 515 ನ್ಯೂಟನ್. ನಿಮಗೆ 258ರ ಆಸುಪಾಸಿನ ಸಂಖ್ಯೆ ಕಂಡರೆ ಗಾಬರಿ ಬೇಡ, ಅದು ಒಂದೇ ಬ್ಲೇಡಿನದು. ಒಟ್ಟು ಮೊತ್ತ ತಾಳೆಯಾದರೂ ನಂಬಬೇಡಿ: ಬುಡದ ಕಡೆಯ ಹೆಚ್ಚಳ ತುದಿಯ ಕೊರತೆಯನ್ನು ಮುಚ್ಚಿಹಾಕಬಲ್ಲದು. ತ್ರಿಜ್ಯದ 0.50, 0.68, 0.80, 0.89 ಮತ್ತು 0.96ರಲ್ಲಿ ಅಳೆದ ಒತ್ತಡದೊಂದಿಗೆ ಒಂದೊಂದಾಗಿ ಹೋಲಿಸಿ. ಕೊನೆಯ ಎರಡು ಹೊಂದದಿದ್ದರೆ ಸುಳಿಯ ಹಾದಿಯ ಮೆಶ್‌ಗೇ ಮರಳಿ.

ಮುಂದಕ್ಕೆ ಹಾರುವ ಸ್ಥಿತಿಗೆ ಹೋಗುವುದು ಇದಾದ ಮೇಲೆ. ಆಗ ಮೆಶ್ ನಿಜವಾಗಿಯೂ ತಿರುಗಬೇಕು. ಹೆಜ್ಜೆಗೆ 1 ಡಿಗ್ರಿಯಂತೆ ಸಾಗಿದರೂ ಇದೇ ವೇಗದಲ್ಲಿ ಪ್ರತಿ ಸೆಕೆಂಡಿಗೆ 7500 ಹೆಜ್ಜೆಗಳಾಗುತ್ತವೆ.