ಇಬ್ಬರು ಗಾಯಕರು, ಎರಡು ಸ್ಕೇಲ್, ಒಂದು ಗಾಸ್ಪೆಲ್ ಹಾಡು

ದೊಡ್ಡ ಹೆಸರಿನವರಿಗೆ ದುಡ್ಡು ಕೊಟ್ಟು ಹಾಡಿಸದೆ ಕನ್ನಡ ಗಾಸ್ಪೆಲ್ ಹಾಡು, ಅಂದರೆ ಕ್ರೈಸ್ತ ಭಕ್ತಿಗೀತೆ, ಓಡುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಕಳೆದ ಕ್ರಿಸ್‌ಮಸ್‌ಗೆ ನಾವು ಬಿಟ್ಟ ಹಾಡು ಓಡಿತು. ಹಾಕಿದ ದುಡ್ಡೂ ವಾಪಸ್ ಬಂತು.

ಹಿಂದಿನ ಹಾಡುಗಳಿಗೆ ಎಲ್ಲರ ದಾರಿಯಲ್ಲೇ ಹೋಗಿದ್ದೆ. ಗಾಯಕರಿಗೆ 25 ಸಾವಿರ, ಪ್ರೋಗ್ರಾಮಿಂಗ್ (ಕಂಪ್ಯೂಟರಿನಲ್ಲಿ ವಾದ್ಯ ಜೋಡಿಸುವುದು), ಮಿಕ್ಸಿಂಗ್, ವಿಡಿಯೊ ಸೇರಿ ಒಂದೊಂದಕ್ಕೆ 80 ಸಾವಿರದ ಹತ್ತಿರ. ಗಾಯಕರು ಬಂದರು, ಟ್ರ್ಯಾಕ್ ಮೇಲೆ ಹಾಡಿದರು, ಹೋದರು. ತಮ್ಮ ಚಾನೆಲ್‌ನಲ್ಲಿ ಒಂದು ಪೋಸ್ಟ್ ಕೂಡ ಇಲ್ಲ. ಹಾಡು ಅವರದಲ್ಲವಲ್ಲ, ಯಾಕೆ ಹಾಕಬೇಕು? ಅರ್ಧ ದುಡ್ಡೂ ಹುಟ್ಟಲಿಲ್ಲ.

ಅಮೆರಿಕದ ಗಾಸ್ಪೆಲ್ ಸಂಗೀತಗಾರ ಕರ್ಕ್ ಫ್ರಾಂಕ್ಲಿನ್ ಅವರನ್ನು ನೋಡಿ. ಕಾಯರ್ (ಗುಂಪಾಗಿ ಹಾಡುವವರ ತಂಡ) ನಡೆಸುತ್ತಾರೆ, ನಡುನಡುವೆ ಮಾತು ಸೇರಿಸುತ್ತಾರೆ, ಹಾಡುವವರು ಹೆಚ್ಚಾಗಿ ಬೇರೆಯವರು. 1997ರಲ್ಲಿ ಗಾಡ್ಸ್ ಪ್ರಾಪರ್ಟಿ ಕಾಯರ್ ಜೊತೆ ರಾಪ್ ಮಾಡುವ ಸಾಲ್ಟ್ ಅವರನ್ನು ಸೇರಿಸಿದ ಹಾಡು ಎಂಟಿವಿವರೆಗೂ ಹೋಯಿತು. 2021ರಲ್ಲಿ ಮ್ಯಾವರಿಕ್ ಸಿಟಿ ಮತ್ತು ಎಲಿವೇಷನ್ ವರ್ಶಿಪ್ ಅನ್ನುವ ಎರಡು ಕ್ರೈಸ್ತ ಸಂಗೀತ ತಂಡಗಳು ಸೇರಿ ಒಂದು ಆಲ್ಬಮ್ ಮಾಡಿದವು, ಮರುವರ್ಷ ಅದಕ್ಕೆ ಗ್ರ್ಯಾಮಿ ಬಂತು. ಎರಡು ತಂಡ ಅಂದರೆ ಎರಡು ಕಡೆಯ ಕೇಳುಗರು. ನನಗೆ ಬೇಕಿದ್ದದ್ದು ಅದೇ.

ಈ ಹಾಡಿಗೆ ಇಬ್ಬರು ಗಾಯಕರು: ಬೆಂಗಳೂರಿನ ಒಬ್ಬ ಅಕ್ಕ, ಕೆಜಿಎಫ್‌ನ ತಮಿಳು ಬ್ರದರ್ ಒಬ್ಬರು. ಫೀಸ್ ಇಲ್ಲ, ಬಂದದ್ದರಲ್ಲಿ ಪಾಲು. ಮೂವರೂ ಕೂತು ಸಾಹಿತ್ಯ, ರಾಗ ಕಟ್ಟಿದೆವು. 2012ರ ಕಾಪಿರೈಟ್ ತಿದ್ದುಪಡಿ ಆದಮೇಲೆ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲು ಬರೆಸಿಕೊಂಡು ಕಿತ್ತುಕೊಳ್ಳಲು ಬರುವುದಿಲ್ಲ. ಆದರೂ ಯಾರಿಗೆ ಎಷ್ಟು ಅಂತ ರೆಕಾರ್ಡಿಂಗ್‌ಗೆ ಮೊದಲೇ ಪೇಪರ್ ಮೇಲೆ ಹಾಕಿ. ಆಮೇಲೆ ಅಂದರೆ ಆಗುವುದಿಲ್ಲ.

ಒಂದೇ ಹಾಡಿನಲ್ಲಿ ಕನ್ನಡ, ತಮಿಳು ಬೆರೆಸಿದರೆ ಎರಡು ಕಡೆಯವರೂ ಕೇಳುವುದಿಲ್ಲ ಅಂದವರು ನಮ್ಮ ಚರ್ಚ್ ಸಭೆಯಲ್ಲೇ ಇದ್ದರು! ನಿಜವಾದ ತಲೆನೋವು ಸ್ಕೇಲ್, ಅಂದರೆ ಯಾವ ಶ್ರುತಿಯಲ್ಲಿ ಹಾಡುವುದು ಅನ್ನುವುದು. ಅಕ್ಕನಿಗೆ ಎ ಮೈನರ್, ಬ್ರದರ್‌ಗೆ ಡಿ ಮೈನರ್. ನಡುವಿನ ಸ್ಕೇಲ್ ಹಿಡಿದರೆ ಇಬ್ಬರ ದನಿಯೂ ಸಾಯುತ್ತದೆ. ಅಕ್ಕನ ಚರಣ ಮುಗಿಯುವಲ್ಲಿ ಎ ಸೆವೆನ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದೆ, ಡಿ ಮೈನರ್‌ಗೆ ಸಲೀಸಾಗಿ ಇಳಿಯಿತು. ಕೊನೆಗೆ ಇಬ್ಬರೂ ಸೇರುವ ಕಡೆ ಏನು ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ, ಕಿವಿ ಇರುವವರು ಹಿಡಿಯುತ್ತಾರೆ.

ಹ್ಯಾಮಂಡ್ ಆರ್ಗನ್ ಸದ್ದು ಕೊಡುವ ಕಂಪ್ಯೂಟರ್ ಪ್ಲಗಿನ್ ಬದಲು ಹಳೆಯ ಹಾರ್ಮೋನಿಯಂಗೆ ಲೆಸ್ಲಿ ಎಫೆಕ್ಟ್ (ತಿರುಗುವ ಸ್ಪೀಕರ್‌ನಂತೆ ಅಲೆಯುವ ಸದ್ದು) ಹಾಕಿಯೂ ನೋಡಿದೆ. ಕಾಯರ್ ಜೊತೆ ಶ್ರುತಿ ಎಳೆದಾಡಿತು. ಆದರೆ ಒಂಟಿಯಾಗಿ ಎಂಥ ಚೆಂದ! ಶುರುವಿನ ನಾಲ್ಕು ಬಾರ್‌ಗೆ ಅದನ್ನೇ ಉಳಿಸಿಕೊಂಡೆ.

ಕಾಯರ್ ಮಾತ್ರ ಸ್ಟುಡಿಯೊ ಬೂತ್‌ನಲ್ಲಿ ಬೇಡ. ಸುಮಾರು 20 ಜನರನ್ನು ಚರ್ಚ್ ಹಾಲ್‌ನಲ್ಲೇ ನಿಲ್ಲಿಸಿ, ಫ್ಯಾನ್ ಆರಿಸಿ, ರಾತ್ರಿ ಗಾಡಿ ಸದ್ದು ಇಳಿದಮೇಲೆ ತೆಗೆದೆವು. ಊಟ, ಪೆಟ್ರೋಲ್ ಎಲ್ಲ ಸೇರಿ ಒಟ್ಟು 45 ಸಾವಿರ ಆಗಿರಬೇಕು. ಇಬ್ಬರೂ ತಮ್ಮ ಚಾನೆಲ್‌ಗಳಲ್ಲಿ ತಾವೇ ಮುಂದೆ ನಿಂತು ಹಾಕಿಕೊಂಡರು. ಯೂಟ್ಯೂಬ್‌ನಿಂದ ಬಂದದ್ದು ಕಡಿಮೆಯೇ. ದುಡ್ಡು ಹುಟ್ಟಿದ್ದು ಡಿಸೆಂಬರ್ ಕಾರ್ಯಕ್ರಮಗಳಲ್ಲಿ, ಇಬ್ಬರನ್ನೂ ಒಟ್ಟಿಗೇ ಕರೆದರು. ಮುಂದಿನದು ಮಂಗಳೂರಿನ ಕೊಂಕಣಿ ಗಾಯಕಿಯ ಜೊತೆ. ಪಾಲಿನ ಪೇಪರ್ ಈಗಾಗಲೇ ಆಗಿದೆ, ರಾಗ ಇನ್ನೂ ಕಟ್ಟಬೇಕು.