ಜೆಸ್ಕಾಂ ಮೀಟರ್ ಹೇಳಿದ ಸುದ್ದಿ

ನಮ್ಮ ಕಡೆ ವರದಿಗಾರನಿಗೆ 'ಬರೀಬೇಡ' ಅಂತ ಮುಖಕ್ಕೆ ಹೇಳುವವರು ಕಡಿಮೆ. ಚಹಾ ತರಿಸುತ್ತಾರೆ, ಮನೆಯವರ ಆರೋಗ್ಯ ಕೇಳುತ್ತಾರೆ. ಆಮೇಲೆ ಮೆಲ್ಲಗೆ, 'ಯುಗಾದಿ ಪುರವಣಿಗೆ ಅರ್ಧ ಪುಟ ಜಾಹೀರಾತು ಕೊಡ್ತೀವ್ರಿ ಸರ, ಆ ಸುದ್ದಿ ಒಂದು ಬಿಟ್ಬಿಡ್ರಿ' ಅನ್ನುತ್ತಾರೆ.

ಕೊಪ್ಪಳ ಜಿಲ್ಲೆಯ ಕುಷ್ಟಗಿ ಸೀಮೆಯಲ್ಲಿ ಬಹಳ ವರ್ಷ ದಿನಪತ್ರಿಕೆಗೆ ಸುದ್ದಿ ಬರೆದವನು ನಾನು. ಈಗ ಸ್ವಂತದ ಸಣ್ಣ ಯೂಟ್ಯೂಬ್ ಚಾನೆಲ್ ನಡೆಸುತ್ತೇನೆ. ವಿಶ್ವ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಲ್ಲಿ 2025ರಲ್ಲಿ ಭಾರತಕ್ಕೆ ಸಿಕ್ಕಿದ್ದು 180 ದೇಶಗಳ ಪೈಕಿ 151ನೇ ಸ್ಥಾನ. ಪ್ರತಿವರ್ಷ ಈ ಪಟ್ಟಿ ಬಂದಾಗ ಚರ್ಚೆ ಜೋರಾಗಿಯೇ ಆಗುತ್ತದೆ, ಆದರೆ ದಿಲ್ಲಿ, ಬೆಂಗಳೂರಿನ ಸ್ಟುಡಿಯೋಗಳ ಮಾತೇ ಜಾಸ್ತಿ. ತಾಲ್ಲೂಕಿನಲ್ಲಿ ಒಂದು ಸುದ್ದಿ ಹೇಗೆ ಸಾಯುತ್ತದೆ, ಅದನ್ನು ಉಳಿಸಿಕೊಳ್ಳೋಕೆ ಏನು ಮಾಡಬಹುದು ಅನ್ನೋದನ್ನ ನಾನೇ ಮಾಡಿದ ಒಂದು ವರದಿ ಇಟ್ಟುಕೊಂಡು ಹೇಳುತ್ತೇನೆ.

ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತವೆ, ದೊಡ್ಡವರ ಬೆನ್ನು, ಮೊಣಕಾಲು ಬಿಗಿದುಕೊಳ್ಳುತ್ತವೆ. ಅದಕ್ಕಂತಲೇ ಸರ್ಕಾರ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಕೊಟ್ಟಿತು. ಕಾಯಿನ್ ಹಾಕಿದರೆ ಕೊಡ ತುಂಬುವ ಆ ಘಟಕಗಳು ನಿಮ್ಮೂರಲ್ಲೂ ಇರಬಹುದು, ಅಲ್ವಾ?

ನಾನು ಹೋದ ಊರಲ್ಲಿ ಘಟಕಕ್ಕೆ ಬೀಗ ಬಿದ್ದಿತ್ತು. ಕಟ್ಟೆ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಹೇಳಿದರು: 'ಸುರುವಿಗೆ ಸ್ವಲ್ಪ ದಿನ ಚಲೋ ನಡೀತಪ್ಪಾ. ಆಮ್ಯಾಲ ಬೀಗ ಹಾಕ್ಯಾರ ನೋಡು. ಈಗ ಮತ್ತ ಬೋರಿನ ನೀರ ಕುಡಿಯೋದು.' ಅವರು ಎದ್ದು ನಿಲ್ಲೋಕೆ ಗೋಡೆ ಹಿಡಿದರು. ಆ ಕೈ, ಆ ಮೊಣಕಾಲು ನೋಡಿದ ಮೇಲೆ ಸುಮ್ನೆ ಒಂದು ಫೋಟೋ ಹಾಕಿ ಬಿಡೋಕೆ ಮನಸ್ಸಾಗಲಿಲ್ಲ.

ಇಂಥ ಸುದ್ದಿಗೆ ನಮ್ಮಲ್ಲಿ ಒಂದು ಸಿದ್ಧ ಅಚ್ಚಿದೆ. 'ಕೆಟ್ಟು ನಿಂತ ನೀರಿನ ಘಟಕ, ಗ್ರಾಮಸ್ಥರ ಪರದಾಟ' ಅಂತ ತಲೆಬರಹ, ಖಾಲಿ ಕೊಡ ಹಿಡಿದವರ ಫೋಟೋ, ಕೊನೆಗೆ 'ಶೀಘ್ರ ದುರಸ್ತಿ ಮಾಡಿಸಲಾಗುವುದು' ಅನ್ನೋ ಪಿಡಿಒ ಹೇಳಿಕೆ. ಮರುವರ್ಷ ಮತ್ತೆ ಅದೇ ಫೋಟೋ. ನನಗೆ ಬೇಕಿದ್ದದ್ದು ಬೇರೆ: ಘಟಕ ನಿಂತಿದ್ದ ತಿಂಗಳುಗಳಲ್ಲಿ ನಿರ್ವಹಣೆಯ ಬಿಲ್ಲು ಪಾಸಾಗಿದೆಯೋ ಇಲ್ಲವೋ?

ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಕರ್ನಾಟಕದಲ್ಲಿ ನಮೂನೆ 'ಎ', 10 ರೂಪಾಯಿ ಶುಲ್ಕ. ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಇಲ್ಲಿ ಹೊಸ ಹುಡುಗರಿಗೆ ನಾನು ಯಾವಾಗಲೂ ಹೇಳೋದು ಒಂದೇ ಮಾತು: 'ಯಾಕೆ' ಅಂತ ಕೇಳಬೇಡಿ, ಕಾಗದ ಕೇಳಿ. 'ಘಟಕ ಯಾಕೆ ನಿಂತಿದೆ' ಅಂತ ಕೇಳಿದರೆ 'ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ' ಅಂತ ಹಿಂಬರಹ ಬರುತ್ತದೆ, ಅರ್ಜಿ ಅಲ್ಲಿಗೆ ಮುಗಿಯಿತು. ನಾನು ಕೇಳಿದ್ದು ನಿರ್ವಹಣೆಯ ಕರಾರುಪತ್ರ, ಆದ ಕೆಲಸದ ಅಳತೆ ಬರೆದಿಡುವ ಎಂ.ಬಿ. ಪುಸ್ತಕದ ಪುಟಗಳು, ಪಾವತಿಯ ವೋಚರ್‌ಗಳು, ನೀರಿನ ಪರೀಕ್ಷಾ ವರದಿಗಳು. ಇವೆಲ್ಲದರ ದೃಢೀಕೃತ ನಕಲು. ಅರ್ಜಿಯನ್ನು ಟಪಾಲು ವಿಭಾಗದಲ್ಲೇ ಕೊಟ್ಟು ನನ್ನ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೆ. ಆ ಸೀಲು ಇಲ್ಲದಿದ್ದರೆ ಉತ್ತರ ಕೊಡೋಕೆ ಇರುವ 30 ದಿನದ ಲೆಕ್ಕ ಎಲ್ಲಿಂದ ಶುರು ಮಾಡೋದು?

ಗಡುವು ಮುಗಿದರೂ ಉತ್ತರ ಬರಲಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ಕಡತ ಅಲುಗಾಡಿತು. ಕಾಯ್ದೆಯ ಸೆಕ್ಷನ್ 2(ಜೆ) ಪ್ರಕಾರ ಕಡತವನ್ನು ಕೂತು ನೋಡುವ ಹಕ್ಕೂ ನಮಗಿದೆ. ಬಹಳ ಜನ ಇದನ್ನು ಬಳಸೋದೇ ಇಲ್ಲ. ಕಡತ ಕೈಗೆ ಬಂದಾಗ ಮೊದಲು ಟಿಪ್ಪಣಿ ಹಾಳೆ ಓದಬೇಕು. ಯಾರು ಯಾವಾಗ ಸಹಿ ಹಾಕಿದ್ದಾರೆ, ಯಾರು ತಕರಾರು ತೆಗೆದಿದ್ದಾರೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಬೇಕಾದ ಪುಟಗಳನ್ನಷ್ಟೇ ಗುರುತು ಹಾಕಿ ನಕಲು ಕೇಳಿದರೆ ಹಣವೂ ಉಳಿಯುತ್ತದೆ.

ವೋಚರ್‌ಗಳಲ್ಲಿ ಎಲ್ಲ ಸರಿಯಾಗೇ ಇತ್ತು. ಪ್ರತಿ ತಿಂಗಳೂ ಘಟಕ ನಡೆದಿದೆ, ಫಿಲ್ಟರ್ ಬದಲಾಗಿದೆ, ಆಪರೇಟರ್‌ಗೆ ಸಂಬಳ ಹೋಗಿದೆ. ಊರವರು 'ಇಲ್ಲ' ಅನ್ನುತ್ತಾರೆ, ಕಾಗದ 'ಹೌದು' ಅನ್ನುತ್ತದೆ. ಇಷ್ಟನ್ನೇ ಬರೆದರೆ ಅದು ಆರೋಪ ಮಾತ್ರ. ಊರಿಗೆ ನೀರು ಬಿಡುವ ನೀರುಗಂಟಿಯ ಮಾತನ್ನು ಹಾಕಬಹುದಿತ್ತು, ಆದರೆ ಮಾರನೇ ದಿನವೇ ಅವನ ಕೆಲಸ ಹೋಗುತ್ತಿತ್ತು. ಅವನ ಹೆಸರು ಎಲ್ಲೂ ಬರಬಾರದು ಅಂತ ಮೊದಲೇ ನಿರ್ಧಾರ ಮಾಡಿದ್ದೆ.

ಆಗ ಹೊಳೆದದ್ದು ಮೀಟರ್ ಬೋರ್ಡ್. ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಕರೆಂಟಿಲ್ಲದೆ ನಡೆಯೋದಿಲ್ಲ. ಮತ್ತೆ ಆ ಊರಿಗೆ ಹೋದೆ. ಘಟಕದ ಹಿಂದಿನ ಗೋಡೆಗೆ ಮೀಟರ್ ಇತ್ತು, ಗಾಜಿನ ಮೇಲೆ ಬೆರಳು ಮುಳುಗುವಷ್ಟು ಧೂಳು. ಕರವಸ್ತ್ರದಲ್ಲಿ ಒರೆಸಿ ರೀಡಿಂಗ್ ಫೋಟೋ ತೆಗೆದೆ, ಡಬ್ಬಿಯ ಮೇಲೆ ಬಣ್ಣದಲ್ಲಿ ಬರೆದಿದ್ದ, ಕರೆಂಟ್ ಸಂಪರ್ಕ ಗುರುತಿಸುವ ಆರ್‌ಆರ್ ನಂಬರ್ ಗುರುತು ಮಾಡಿಕೊಂಡೆ. ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಜೆಸ್ಕಾಂ. ಆ ನಂಬರಿನ ಜೆಸ್ಕಾಂ ಬಿಲ್ಲುಗಳ ನಕಲನ್ನು ಪಂಚಾಯ್ತಿಯಿಂದಲೇ ಕೇಳಿ ಪಡೆದೆ. ಬಿಲ್ಲಿನಲ್ಲಿ ಹಿಂದಿನ ರೀಡಿಂಗ್, ಇಂದಿನ ರೀಡಿಂಗ್ ಅಂತ ಎರಡು ಸಾಲು ಇರುತ್ತವೆ. ವೋಚರ್‌ಗಳಲ್ಲಿ ಘಟಕ 'ನಡೆದ' ಅಷ್ಟೂ ತಿಂಗಳು ಆ ಎರಡು ಸಂಖ್ಯೆ ಒಂದೇ ಇದ್ದವು. ಬಳಕೆ ಸೊನ್ನೆ ಯೂನಿಟ್. ನಿಗದಿತ ಶುಲ್ಕ ಮಾತ್ರ ಬಂದಿತ್ತು.

ಮೀಟರ್ ಕೆಟ್ಟಿರಬಹುದಲ್ವಾ? ನನಗೂ ಆ ಪ್ರಶ್ನೆ ಬಂತು. ಆ ಅವಧಿಯಲ್ಲಿ ಮೀಟರ್ ಕೆಟ್ಟ ಬಗ್ಗೆ ದೂರು, ಬದಲಾಯಿಸಿದ ದಾಖಲೆ ಇದೆಯೇ ಅಂತ ಇನ್ನೊಂದು ಅರ್ಜಿ ಹಾಕಿದೆ. ಇಲ್ಲ ಅಂತ ಲಿಖಿತ ಉತ್ತರ ಬಂತು. ಅಲ್ಲಿಗೆ ಸುದ್ದಿ ಗಟ್ಟಿಯಾಯಿತು.

ಬರೆಯುವ ಮೊದಲು ಗುತ್ತಿಗೆದಾರರಿಗೆ, ಸಂಬಂಧಪಟ್ಟ ಅಧಿಕಾರಿಗೆ ಪ್ರಶ್ನೆಗಳನ್ನು ಬರವಣಿಗೆಯಲ್ಲೇ ಕಳಿಸಿದೆ, ಉತ್ತರಕ್ಕೆ ಸಮಯವನ್ನೂ ಕೊಟ್ಟೆ. ಫೋನಿನಲ್ಲಿ ಮಾತ್ರ ಕೇಳಿದರೆ ಆಮೇಲೆ 'ನನ್ನನ್ನು ಕೇಳೇ ಇಲ್ಲ' ಅನ್ನುತ್ತಾರೆ. ಅಧಿಕಾರಿ ಉತ್ತರ ಕೊಡಲಿಲ್ಲ. ಗುತ್ತಿಗೆದಾರರ ಕಡೆಯವರು ಮಾತ್ರ ಬಂದರು, ಚಹಾ ತರಿಸಿದರು, ನಾನು ಮೊದಲಲ್ಲೇ ಹೇಳಿದ ಆ ಪುರವಣಿ ಜಾಹೀರಾತಿನ ಮಾತು ಆಡಿದರು. ನಾನು ಒಪ್ಪಲಿಲ್ಲ. ಎರಡು ದಿನದಲ್ಲಿ ನಮ್ಮ ಪತ್ರಿಕೆಯ ಜಾಹೀರಾತು ವಿಭಾಗದಿಂದಲೇ ಫೋನ್ ಬಂತು: 'ಆ ಪಾರ್ಟಿ ನಮಗೆ ಬೇಕಾದೋರು ರೀ.' ವರದಿ ಡೆಸ್ಕಿನಲ್ಲಿ ಉಳಿಯಿತು. ಕೇಳಿದಾಗಲೆಲ್ಲ 'ಜಾಗ ಇಲ್ಲ' ಅನ್ನೋ ಉತ್ತರ.

ಆ ಡೆಸ್ಕಿನವರನ್ನು ನಾನು ಬೈಯುವುದಿಲ್ಲ. ತಾಲ್ಲೂಕು ವರದಿಗಾರನಿಗೆ ಸಂಬಳ ಅಂತ ಇರೋದೇ ಅಪರೂಪ. ಬಂದಷ್ಟು ಸುದ್ದಿಗೆ ಇಷ್ಟು ಅಂತ ಕೊಡುತ್ತಾರೆ, ಉಳಿದದ್ದು ಅವನೇ ತರುವ ಜಾಹೀರಾತಿನ ಕಮಿಷನ್. 2020ರ ಲಾಕ್‌ಡೌನ್ ಆದಮೇಲೆ ಪುಟ ಕಡಿಮೆಯಾದವು, ಜಾಹೀರಾತಿನ ಒತ್ತಡ ಹೆಚ್ಚಾಯಿತು. ಬೆಳಿಗ್ಗೆ ಯಾರ ಬಗ್ಗೆ ಬರೆಯಬೇಕೋ ಸಂಜೆ ಅವರ ಹತ್ತಿರವೇ ಶುಭಾಶಯದ ಜಾಹೀರಾತು ಕೇಳೋಕೆ ಹೋಗಬೇಕು. ಇದು ಬದಲಾಗದೆ ಜಿಲ್ಲೆಗಳಲ್ಲಿ ಪತ್ರಿಕಾ ಸ್ವಾತಂತ್ರ್ಯದ ಮಾತು ಆಡಿ ಪ್ರಯೋಜನವಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ವರದಿ ಮಾಡುವವನ ಕೈಗೆ ಜಾಹೀರಾತಿನ ರಸೀದಿ ಪುಸ್ತಕ ಕೊಡಲೇಬಾರದು.

ಕೊನೆಗೆ ಆ ವರದಿಯನ್ನು ನನ್ನ ಚಾನೆಲ್‌ನಲ್ಲಿ ಹಾಕಿದೆ. ವೋಚರ್ ಒಂದು ಕಡೆ, ಜೆಸ್ಕಾಂ ಬಿಲ್ಲು ಇನ್ನೊಂದು ಕಡೆ, ತಿಂಗಳಿಗೆ ತಿಂಗಳು ಪಕ್ಕಪಕ್ಕ ಇಟ್ಟು ತೋರಿಸಿದೆ. ವಿಶೇಷಣಗಳನ್ನು ಹಾಕಲಿಲ್ಲ. 'ಲೂಟಿ', 'ಕರ್ಮಕಾಂಡ' ಇಂಥ ಪದಗಳು ನೋಡುವವರಿಗೆ ಖುಷಿ ಕೊಡುತ್ತವೆ, ಕೋರ್ಟಿನಲ್ಲಿ ನಮಗೇ ತೊಂದರೆ ಕೊಡುತ್ತವೆ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356ರಲ್ಲಿದೆ, ಎರಡು ವರ್ಷದವರೆಗೆ ಶಿಕ್ಷೆ ಇದೆ. ಹೇಳಿದ್ದು ನಿಜ ಅಂದರಷ್ಟೇ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಅಂತಲೂ ತೋರಿಸಬೇಕು. ವಕೀಲರ ನೋಟಿಸ್ ಬಂತು. ದಾಖಲೆಗಳ ಪಟ್ಟಿ ಸಮೇತ ಉತ್ತರ ಕೊಟ್ಟೆ, ಅದು ಅಲ್ಲಿಗೇ ನಿಂತಿತು.

ನೋಟಿಸ್‌ಗಿಂತ ನನಗೆ ಭಯ ಇರೋದು ತಡೆಯಾಜ್ಞೆಯದ್ದು. ನಮ್ಮನ್ನು ಕೇಳದೆಯೇ ಬೆಂಗಳೂರಿನ ಕೋರ್ಟಿನಲ್ಲಿ ತಡೆಯಾಜ್ಞೆ ತಂದರೆ, ಕುಷ್ಟಗಿಯವನು ರಾತ್ರಿ ಬಸ್ಸು ಹತ್ತಿ ಹೋಗಿ ವಕೀಲರನ್ನು ಹಿಡಿದು ತೆರವು ಮಾಡಿಸಬೇಕು. ಅಷ್ಟೊತ್ತಿಗೆ ಸುದ್ದಿಯೂ ತಣ್ಣಗಾಗಿರುತ್ತದೆ, ಕೈಯಲ್ಲಿದ್ದ ದುಡ್ಡೂ ಖಾಲಿ. ವಿಚಾರಣೆಗೆ ಮೊದಲೇ ಸುದ್ದಿಗೆ ತಡೆ ಕೊಡೋದು ಅಪರೂಪದ ಸಂದರ್ಭದಲ್ಲಿ ಮಾತ್ರ ಆಗಬೇಕು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪಿನ ಪ್ರತಿ ಪ್ರತಿ ವರದಿಗಾರನ ಹತ್ತಿರ ಇರಬೇಕು. ಇನ್ನೊಂದು ದಾರಿ ಕೇವಿಯಟ್, ಅಂದರೆ ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಅಂತ ಕೋರ್ಟಿಗೆ ಕೊಡುವ ಅರ್ಜಿ. ಯಾರು ದಾವೆ ಹಾಕಬಹುದು ಅನ್ನೋ ಅಂದಾಜಿದ್ದರೆ ಮೊದಲೇ ಕೇವಿಯಟ್ ಸಲ್ಲಿಸಿದರೆ, 90 ದಿನ ನಮಗೆ ತಿಳಿಸದೆ ಆದೇಶ ಆಗೋದು ಕಷ್ಟ. ದೊಡ್ಡ ವರದಿಗೆ ಮೊದಲು ವಕೀಲ ಮಿತ್ರರ ಸಹಾಯದಿಂದ ನಾನು ಇದನ್ನು ಮಾಡುತ್ತೇನೆ.

ವರದಿ ಬಂದಮೇಲೆ ಜಿಲ್ಲಾ ಪಂಚಾಯ್ತಿಯಿಂದ ತಂಡ ಬಂತು, ಘಟಕ ಮತ್ತೆ ಶುರುವಾಯಿತು. ಹಣ ವಸೂಲಿಯ ಕಡತ ಇನ್ನೂ ಓಡಾಡುತ್ತಿದೆ, ನಾನೂ ಅದರ ಹಿಂದೆ ಇದ್ದೇನೆ.

ಈ ಕಾಗದ ಹೋಲಿಸುವ ಕೆಲಸ ನಾನು ಕಂಡುಹಿಡಿದದ್ದಲ್ಲ. ನಮ್ಮ ಪಕ್ಕದ ಬಳ್ಳಾರಿಯ ಅಕ್ರಮ ಗಣಿಗಾರಿಕೆ ಬಯಲಾದದ್ದೇ ಹೀಗೆ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಕೊಟ್ಟ ವರದಿಗೆ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್‌ಗಳ ಲೆಕ್ಕವನ್ನೂ ಬಂದರಿನಲ್ಲಿ ಹಡಗು ಹತ್ತಿದ ಅದಿರಿನ ಲೆಕ್ಕವನ್ನೂ ಎದುರುಬದುರು ಇಟ್ಟಿತ್ತು. ರಾಜ್ಯಕ್ಕೆ ಆದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಅಂತ ತೋರಿಸಿತು. ವರದಿ ಬಂದ ಬೆನ್ನಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು.

ಮೊಬೈಲ್ ಬಂದಮೇಲೆ ವೇಗ ಹೆಚ್ಚಾಗಿದೆ, ನಿಜ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ, ನನ್ನ ಫೋನಿಗೆ 'ಡ್ಯಾಂ ಒಡೀತು' ಅಂತ ಮೆಸೇಜ್ ಬರೋಕೆ ಶುರುವಾಯಿತು. ನದಿ ದಂಡೆಯ ಊರುಗಳ ಜನ ಗಾಬರಿಯಾಗಿ ಫೋನ್ ಮಾಡುತ್ತಿದ್ದರು. ಮುನಿರಾಬಾದ್ ಕಡೆಯವರನ್ನು ಕೇಳಿ, ಹೋಗಿದ್ದು ಒಂದು ಗೇಟು, ಅಣೆಕಟ್ಟೆಗೆ ಏನೂ ಆಗಿಲ್ಲ ಅಂತ ಖಾತ್ರಿ ಮಾಡಿಕೊಂಡು ಅಷ್ಟನ್ನೇ ಹಾಕಿದೆ. ಬೇರೆಯವರಿಗಿಂತ ತಡವಾಯಿತು. ಆದರೂ ಆ ರಾತ್ರಿ ಜನ ಮತ್ತೆ ಮತ್ತೆ ಕೇಳಿದ್ದು ನನ್ನನ್ನೇ.

ಇನ್ನೊಂದು ಮಾತು ಹೇಳಲೇಬೇಕು. ಬೈಕಿಗೆ 'ಪ್ರೆಸ್' ಅಂತ ಬರೆಸಿಕೊಂಡು, ಅರ್ಜಿ ಹಾಕಿ, ಆಮೇಲೆ ಹಣ ಪಡೆದು ಅರ್ಜಿ ವಾಪಸ್ ತಗೊಳ್ಳುವವರು ನಮ್ಮ ನಡುವೆಯೇ ಇದ್ದಾರೆ. ಇವರಿಂದಾಗಿ ನಿಜವಾದ ಪ್ರಶ್ನೆಯನ್ನೂ ಅಧಿಕಾರಿಗಳು 'ಎಷ್ಟು ಬೇಕಂತ' ಅನ್ನೋ ಕಣ್ಣಲ್ಲೇ ನೋಡುತ್ತಾರೆ. ಇಂಥವರ ಬಗ್ಗೆ ನಾವೇ ಬರೆಯಬೇಕು.

ಜುಲೈ 1ರ ಪತ್ರಿಕಾ ದಿನಕ್ಕೆ ಹುಡುಗರು ನನ್ನನ್ನು ಕರೆಯುತ್ತಾರೆ. 1843ರಲ್ಲಿ ಅದೇ ದಿನ ಜರ್ಮನ್ ಪಾದ್ರಿ ಮೊಗ್ಲಿಂಗ್ ಶುರು ಮಾಡಿದ 'ಮಂಗಳೂರ ಸಮಾಚಾರ' ಮರುವರ್ಷ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ' ಆಗಿ ಅಚ್ಚಾಯಿತು ಅಂದರೆ ಅವರಿಗೆ ಆಶ್ಚರ್ಯ. ಭಾಷಣ ಅಷ್ಟಕ್ಕೇ ಮುಗಿಸಿ ನಮೂನೆ 'ಎ' ಹಂಚುತ್ತೇನೆ, ಅಲ್ಲೇ ಕೂತು ತುಂಬಿಸುತ್ತೇನೆ. ಕೋರ್ಟ್ ಡೈರಿ ಇಡೋದನ್ನೂ ಹೇಳಿಕೊಡುತ್ತೇನೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ, 98 ಜನರಿಗೆ ಜೀವಾವಧಿ. ನಡುವಿನ ಹತ್ತು ವರ್ಷ ಕೋರ್ಟಿನ ವಿಚಾರಣೆಯ ತಾರೀಖು ಬರೆದಿಟ್ಟುಕೊಳ್ಳೋಕೆ ಬೆಂಗಳೂರಿನಿಂದ ಯಾರೂ ಬರೋದಿಲ್ಲ, ಅದು ಸ್ಥಳೀಯ ವರದಿಗಾರನದೇ ಕೆಲಸ.

ಈಗ ಹೊಸ ತೊಡಕು ಬಂದಿದೆ. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯ್ದೆ ಮಾಹಿತಿ ಹಕ್ಕಿನ ಸೆಕ್ಷನ್ 8(1)(ಜೆ)ಯನ್ನು ತಿದ್ದಿದೆ, 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಮೊದಲು ವೈಯಕ್ತಿಕ ಮಾಹಿತಿ ನಿರಾಕರಿಸೋಕೆ ಅದು ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇಲ್ಲದ್ದು ಅಂತ ತೋರಿಸಬೇಕಿತ್ತು, ಶಾಸನಸಭೆಗೆ ಕೊಡಬೇಕಾದ ಮಾಹಿತಿಯನ್ನು ಜನರಿಗೂ ಕೊಡಬೇಕು ಅಂತಿತ್ತು. ಈಗ ವೈಯಕ್ತಿಕ ಮಾಹಿತಿ ಅಂದರೆ ಸಾಕು, ನಿರಾಕರಿಸಬಹುದು. ಫಲಾನುಭವಿಗಳ ಪಟ್ಟಿ, ಆಪರೇಟರ್ ಸಂಬಳದ ವೋಚರ್, ಎಲ್ಲದರಲ್ಲೂ ಯಾರದೋ ಹೆಸರು ಇದ್ದೇ ಇರುತ್ತದೆ.

ಇನ್ನೊಂದು ಊರಿನ ಘಟಕದ ವೋಚರ್ ಕೇಳಿದ್ದಕ್ಕೆ ನನಗೆ ಇದೇ ಕಾರಣ ಕೊಟ್ಟು ಹಿಂಬರಹ ಬಂದಿದೆ. ಸೆಕ್ಷನ್ 8(2) ಇನ್ನೂ ಹಾಗೇ ಇದೆ: ಸಾರ್ವಜನಿಕ ಹಿತ ದೊಡ್ಡದಿದ್ದರೆ ವಿನಾಯ್ತಿ ಇರುವ ಮಾಹಿತಿಯನ್ನೂ ಕೊಡಬಹುದು. ಅದನ್ನೇ ಹಿಡಿದು ಮೊದಲ ಮೇಲ್ಮನವಿ ಹಾಕಿದ್ದೇನೆ. ಅಲ್ಲೂ ಇಲ್ಲ ಅಂದರೆ ಕಲಬುರಗಿಯ ಮಾಹಿತಿ ಆಯೋಗದ ಪೀಠಕ್ಕೆ ಹೋಗುತ್ತೇನೆ. ಆ ಊರಿನ ಮೀಟರಿನ ಆರ್‌ಆರ್ ನಂಬರ್ ಅಂತೂ ಬರೆದಿಟ್ಟುಕೊಂಡಿದ್ದೇನೆ.